ನಿಮಗಿದು ಗೊತ್ತೇ? ಅರವತ್ತನಾಲ್ಕು ಮನೆಯ ಅಕ್ಷರ

ರೈಲು ನಿಲ್ದಾಣದ ಕೆಂಪು ದೀಪದ ಫಲಕ, ಕಿರಾಣಿ ಅಂಗಡಿಯ ಬಿಲ್ಲು, ತೊಂಬತ್ತರ ದಶಕದ ವಿಡಿಯೊ ಗೇಮು, ಹಳೆಯ ಬಟನ್ ಫೋನು – ಇವುಗಳ ಅಕ್ಷರಗಳೆಲ್ಲ ಒಂದೇ ಕುಲದವು. ಚೌಕಳಿ ಹಾಕಿ, ಕೆಲವು ಮನೆ ತುಂಬಿ, ಕೆಲವು ಖಾಲಿ ಬಿಟ್ಟು ಮಾಡಿದವು. ಬಿಟ್‌ಮ್ಯಾಪ್ ಫಾಂಟ್ ಅಥವಾ ಪಿಕ್ಸೆಲ್ ಫಾಂಟ್ ಎನ್ನುವುದು ಇವಕ್ಕೇ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಈ ಬರಹ ಈಗ ಪೋಸ್ಟರು, ಟೀ ಶರ್ಟು, ಆ್ಯಪುಗಳಲ್ಲಿ ‘ರೆಟ್ರೊ’ ಎಂದು ಮೆರೆಯುತ್ತಿದೆ. ಆದರೆ ಇದರ ಸೊಟ್ಟುಗಳು ಅಂದಕ್ಕೆಂದು ಹುಟ್ಟಿದವಲ್ಲ, ಮೆಮೊರಿಯದೋ ಟಿ.ವಿ.ಯದೋ ಕಾಸಿನದೋ ಲೆಕ್ಕ ಹೊಂದಿಸಲು ಹುಟ್ಟಿದವು. ಆ ಲೆಕ್ಕಗಳನ್ನು ಒಂದೊಂದಾಗಿ ನೋಡೋಣ.

ಚುಕ್ಕಿ ಲೆಕ್ಕ

■ ಒಂದು ಅಕ್ಷರದ ತೂಕ 8 ಬೈಟ್. ಅಡ್ಡಕ್ಕೆ 8, ಉದ್ದಕ್ಕೆ 8, ಒಟ್ಟು 64 ಮನೆ. ತುಂಬಿದ ಮನೆಗೆ 1, ಖಾಲಿ ಮನೆಗೆ 0. ಒಂದು ಸಾಲಿನ 8 ಮನೆ ಸೇರಿದರೆ 1 ಬೈಟ್. 8 ಸಾಲಿಗೆ 8 ಬೈಟ್. ಈ ಲೆಕ್ಕದಲ್ಲಿ 256 ಅಕ್ಷರಗಳ ಇಡೀ ಫಾಂಟು 2,048 ಬೈಟ್‌ಗಳಲ್ಲಿ, ಅಂದರೆ ಬರೀ 2 ಕಿಲೊಬೈಟ್‌ನಲ್ಲಿ ಮುಗಿಯುತ್ತದೆ.

■ ನಮ್ಮ ‘ಠ’ವನ್ನು ಎಂಟೇ ಎಂಟು ಸಂಖ್ಯೆಗಳಲ್ಲಿ ಬರೆಯಬಹುದು: 255, 60, 66, 153, 153, 66, 60, 0. ಒಂದೊಂದು ಸಂಖ್ಯೆ ಒಂದೊಂದು ಸಾಲು. ಬಿಡಿಸಿದರೆ ಹೀಗೆ:

■■■■■■■■
□□■■■■□□
□■□□□□■□
■□□■■□□■
■□□■■□□■
□■□□□□■□
□□■■■■□□
□□□□□□□□

ಮೊದಲ ಸಾಲು ಪೂರ್ತಿ ತುಂಬಿದೆ, ಅದು ತಲೆಕಟ್ಟು, ಹಾಗಾಗಿ 255. ಕೊನೆಯ ಸಾಲು ಪೂರ್ತಿ ಖಾಲಿ, ಅದು ಕೆಳಗಿನ ಸಾಲಿಗೆ ಬಿಟ್ಟ ಅಂತರ, ಹಾಗಾಗಿ 0.

■ 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ ಇದ್ದದ್ದು 96 ಅಕ್ಷರ. 96ನ್ನು 8ರಿಂದ ಗುಣಿಸಿ: 768 ಬೈಟ್. ಅದರ ಇಡೀ ಫಾಂಟು ಅಷ್ಟೇ. ಪರದೆಯ ಮೇಲೆ ಸಾಲಿಗೆ 32 ಅಕ್ಷರ, ಒಟ್ಟು 24 ಸಾಲು.

■ ಅದೇ ವರ್ಷದ ಕೊಮೊಡೋರ್ 64ರಲ್ಲಿ ಅಕ್ಷರದ ರೂಪವನ್ನು ಬಳಕೆದಾರನೇ ಬದಲಿಸಬಹುದಿತ್ತು. ಆಟ ಬರೆಯುವವರು ಬೇಡದ ಅಕ್ಷರಗಳನ್ನು ಅಳಿಸಿ ಆ ಜಾಗದಲ್ಲಿ ಇಟ್ಟಿಗೆ, ಮರ, ಏಣಿ ಬಿಡಿಸಿದರು. ಪರದೆಯಲ್ಲಿ ಕಾಣುವ ಗೋಡೆ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ‘ವಾಕ್ಯ’.

■ 1977ರ ಟಿಆರ್‌ಎಸ್-80ಯಲ್ಲೂ ಮೊದಲ ಆ್ಯಪಲ್ 2ರಲ್ಲೂ ಇಂಗ್ಲಿಷಿನ ಸಣ್ಣಕ್ಷರ ಇರಲಿಲ್ಲ, ದೊಡ್ಡಕ್ಷರ ಮಾತ್ರ. ಟಿಆರ್‌ಎಸ್-80ಯಲ್ಲಿ ಕಾರಣ ಕಾಸು: ಪರದೆಗೆ ಮೀಸಲಾದ ಮೆಮೊರಿಯಲ್ಲಿ 8 ಚಿಪ್ ಬದಲು 7 ಹಾಕಿ ಒಂದರ ಖರ್ಚು ಉಳಿಸಿದರು.

■ 8×8 ಎಂದರೂ ಬರೆಯಲು ಸಿಗುವುದು ಸಾಮಾನ್ಯವಾಗಿ 7×7. ಬಲಗಡೆಯ ಒಂದು ಕಂಬಸಾಲು, ಕೆಳಗಿನ ಒಂದು ಅಡ್ಡಸಾಲು ಖಾಲಿ ಬಿಡದಿದ್ದರೆ ಪಕ್ಕದ ಅಕ್ಷರ ಬಂದು ಅಂಟುತ್ತದೆ. ಅಂತರವೂ ಅಕ್ಷರದ ಒಳಗೇ ಇರುತ್ತದೆ.

■ ಹಳೆಯ ಆಟಗಳ ಅಕ್ಷರಗಳಲ್ಲಿ ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳು ಏಕೆ? ತಪ್ಪೆಲ್ಲ ಟಿ.ವಿ.ಯದು. ಬಣ್ಣದ ಟಿ.ವಿ. ಪರದೆಯಲ್ಲಿ ಒಂದೇ ಚುಕ್ಕಿ ಅಗಲದ ನಿಂತ ಗೆರೆ ಮಂಕಾಗಿ, ಅಂಚಿಗೆ ಬೇಡದ ಬಣ್ಣ ಮೆತ್ತಿಕೊಂಡು ಕಾಣುತ್ತಿತ್ತು. ಎರಡು ಚುಕ್ಕಿ ಅಗಲ ಕೊಟ್ಟರೆ ಗೆರೆ ನಿಲ್ಲುತ್ತಿತ್ತು. ಇಂದು ಆ ದಪ್ಪವೇ ‘ಆರ್ಕೇಡ್ ಶೈಲಿ’ಯ ಗುರುತು.

■ ಆ ಕಾಲದ ಪರದೆಯಲ್ಲಿ ಚುಕ್ಕಿಗಳು ಇಂದು ನಾವು ನೋಡುವಷ್ಟು ಚೂಪಾಗಿರಲಿಲ್ಲ. ಪಿಕ್ಚರ್ ಟ್ಯೂಬಿನ ಬೆಳಕು ಪಕ್ಕಕ್ಕೆ ಹರಡಿ ಮೂಲೆಗಳು ಮೆತ್ತಗಾಗುತ್ತಿದ್ದವು. ಕತ್ತರಿಸಿಟ್ಟಂಥ ಚೌಕಗಳು ನಮ್ಮ ಕಾಲದ ಪರದೆಯ ಕೊಡುಗೆ.

■ ಓದಲಾಗುವ ಅತಿ ಚಿಕ್ಕ ಇಂಗ್ಲಿಷ್ ಅಕ್ಷರಕ್ಕೆ 3×5 ಮನೆ ಸಾಕು. 2015ರಲ್ಲಿ ಬಂದ ಪಿಕೊ-8 ಎಂಬ ಆಟ ಕಟ್ಟುವ ಸಾಧನದ ಫಾಂಟು ಇದೇ ಅಳತೆಯದು. ಅದರ ಪರದೆ 128×128 ಚುಕ್ಕಿ. ಅಂತರ ಸೇರಿಸಿ ಅಕ್ಷರಕ್ಕೆ 4 ಚುಕ್ಕಿ ಹಿಡಿದರೆ ಸಾಲಿಗೆ 32 ಅಕ್ಷರ. ಮೂರು ಮನೆ ಅಗಲದಲ್ಲಿ ಹೆಚ್ಚು ಪೇಚಾಡುವವು ಎಂ, ಎನ್, ಡಬ್ಲ್ಯೂ.

ಕಂಪ್ಯೂಟರಿಗೂ ಮುಂಚೆ

■ ಚುಕ್ಕಿಯ ಅಕ್ಷರ ಕಂಪ್ಯೂಟರಿನ ಕೂಸಲ್ಲ. 1928ರ ನವೆಂಬರಿನಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕಟ್ಟಡದ ಸುತ್ತ ಸಾವಿರಾರು ಬಲ್ಬುಗಳ ಪಟ್ಟಿ ಕಟ್ಟಿ, ಸುದ್ದಿಯನ್ನು ಓಡುವ ಅಕ್ಷರಗಳಲ್ಲಿ ತೋರಿಸಿದರು. ಅಂದು ಅದು ಬಿತ್ತರಿಸಿದ್ದು ಹರ್ಬರ್ಟ್ ಹೂವರ್ ಗೆದ್ದ ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶ. ಒಂದು ಬಲ್ಬು, ಒಂದು ಚುಕ್ಕಿ.

■ ಇನ್ನೂ ಹಿಂದಕ್ಕೆ ಹೋಗಬೇಕೆ? ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1598ರ ಕಸೂತಿ ಬಟ್ಟೆಯೊಂದಿದೆ. ಅದರ ಮೇಲೆ ಇಂಗ್ಲಿಷ್ ವರ್ಣಮಾಲೆಯನ್ನು ದಾರದಲ್ಲಿ ಹೊಲಿದಿದ್ದಾರೆ. ಬಟ್ಟೆಯ ನೂಲೇ ಚೌಕಳಿ, ಹೊಲಿಗೆಯೇ ಚುಕ್ಕಿ.

■ ಆ್ಯಪಲ್ ಮ್ಯಾಕಿಂಟಾಷ್‌ಗೆ ಫಾಂಟು, ಐಕಾನು ಬಿಡಿಸಿದ ಸೂಸನ್ ಕೇರ್ ಕೂಡ ತಮ್ಮ ಕೆಲಸವನ್ನು ಮೊಸಾಯಿಕ್‌ಗೂ ಸೂಜಿದಾರದ ಕಸುಬಿಗೂ ಹೋಲಿಸಿದ್ದಾರೆ. ಧಾರವಾಡದ ಕಡೆ ಕಸೂತಿ ಹಾಕುವವರಿಗೆ ಇದು ಹೊಸತಲ್ಲ. ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ, ನೂಲಿನ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುವ ಕೆಲಸ ಅದು. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೆಂತೆಯದು ಅಡ್ಡ ಹಾಯ್ದ ಗುಣಾಕಾರದ ಹೊಲಿಗೆ. ಒಂದೊಂದೂ ಒಂದೊಂದು ಪಿಕ್ಸೆಲ್ಲೇ. ಇಂದು ಪಿಕ್ಸೆಲ್ ಫಾಂಟಿನ ನಕ್ಷೆಯನ್ನು ನೇರವಾಗಿ ಬಟ್ಟೆಗಿಳಿಸುವವರು ಬಹಳ ಮಂದಿ. ಬದಲಿಸಬೇಕಾದ್ದು ಏನೂ ಇರುವುದಿಲ್ಲ.

■ 1967ರಲ್ಲಿ ನೆದರ್ಲೆಂಡ್ಸಿನ ವಿಮ್ ಕ್ರೌವೆಲ್ ಒಂದು ವಿಚಿತ್ರ ವರ್ಣಮಾಲೆ ಹೊರತಂದರು. ಆಗಿನ ಅಚ್ಚುಜೋಡಣೆಯ ಯಂತ್ರಗಳ ಪರದೆ ದುಂಡು ಗೆರೆಗಳನ್ನು ಕೆಡಿಸುವುದನ್ನು ಕಂಡು, ದುಂಡನ್ನೇ ಬಿಟ್ಟು ನಿಂತ ಮತ್ತು ಮಲಗಿದ ಗೆರೆಗಳಲ್ಲೇ ಅಕ್ಷರ ಕಟ್ಟಿದರು. ಓದುವುದು ಕಷ್ಟ. ಆದರೂ 1988ರಲ್ಲಿ ಜಾಯ್ ಡಿವಿಷನ್ ಎಂಬ ಬ್ರಿಟಿಷ್ ವಾದ್ಯವೃಂದದ ‘ಸಬ್‌ಸ್ಟನ್ಸ್’ ಆಲ್ಬಮ್ಮಿನ ಹೊದಿಕೆಗೆ ಅದೇ ಬಂತು.

■ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಮಾಡಿದ ಬೆಲ್ ಸೆಂಟೆನಿಯಲ್ ಫಾಂಟನ್ನು ಚುಕ್ಕಿ ಚುಕ್ಕಿಯಾಗಿ ಕೈಯಲ್ಲೇ ಬಿಡಿಸಲಾಗಿತ್ತು. ಗೆರೆ ಸೇರುವ ಮೂಲೆಗಳಲ್ಲಿ ಬೇಕೆಂದೇ ಕಚ್ಚು ಬಿಟ್ಟರು. ಅಗ್ಗದ ಕಾಗದದಲ್ಲಿ ಮಸಿ ಹರಡಿದಾಗ ಆ ಕಚ್ಚು ತುಂಬಿ ಅಕ್ಷರ ಸರಿಯಾಗುತ್ತಿತ್ತು.

ಆಟದ ಅಂಗಳ

■ ಪ್ಯಾಕ್-ಮ್ಯಾನ್ ಆಟದಲ್ಲಿ ಕಾಣುವ, ಎಲ್ಲರೂ ‘ನಾಮ್ಕೊ ಅಕ್ಷರ’ ಎಂದು ಗುರುತಿಸುವ ಫಾಂಟು ಮೂಲದಲ್ಲಿ ಜಪಾನಿನ ನಾಮ್ಕೊ ಕಂಪನಿಯದಲ್ಲ. ಅದು ಅಮೆರಿಕದ ಅಟಾರಿ ಬಳಗದ್ದು. 1976ರ ‘ಕ್ವಿಜ್ ಷೋ’ ಎಂಬ ಆಟದಲ್ಲಿ ಬಂದದ್ದು. ನಾಮ್ಕೊ ಅದನ್ನು ತನ್ನ ಆಟಗಳಲ್ಲಿ ಬಳಸಿತು, ಪ್ಯಾಕ್-ಮ್ಯಾನ್ 1980ರಲ್ಲಿ ಲೋಕ ಸುತ್ತಿತು, ಕೀರ್ತಿ ಅವರಿಗೆ ಹೋಯಿತು.

■ ಈ ಕಥೆಯನ್ನೂ ಇಂಥ ನೂರಾರು ಆಟಗಳ ಅಕ್ಷರಗಳನ್ನೂ ಒಟ್ಟುಗೂಡಿಸಿದವರು ಫಾಂಟು ವಿನ್ಯಾಸಕ ತೋಷಿ ಒಮಗಾರಿ. ಅವರ ‘ಆರ್ಕೇಡ್ ಗೇಮ್ ಟೈಪೋಗ್ರಫಿ’ 2019ರಲ್ಲಿ ಪ್ರಕಟವಾಯಿತು.

■ ಆ ‘ನಾಮ್ಕೊ ಅಕ್ಷರ’ದ ವಂಶದ ಈಗಿನ ಕುಡಿ ‘ಪ್ರೆಸ್ ಸ್ಟಾರ್ಟ್ 2ಪಿ’. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಾಲೇಜು ಫೆಸ್ಟಿನ ಪೋಸ್ಟರಿನಿಂದ ಹಿಡಿದು ಗೇಮಿಂಗ್ ಚಾನೆಲ್ಲಿನ ಶೀರ್ಷಿಕೆಯವರೆಗೆ ‘ಹಳೆ ಆಟದ ಅಕ್ಷರ’ ಬೇಕೆಂದವರು ಮೊದಲು ಕೈ ಹಾಕುವುದು ಇದಕ್ಕೇ.

■ ಪ್ಯಾಕ್-ಮ್ಯಾನ್‌ನ ಇಡೀ ಪರದೆ 28×36 ಮನೆಗಳ ಚೌಕಳಿ, ಒಂದೊಂದು ಮನೆಯೂ 8×8 ಚುಕ್ಕಿ. ಗೋಡೆ, ಕಾಳು, ಅಂಕಿ, ಅಕ್ಷರ ಎಲ್ಲವೂ ಒಂದೇ ಉಗ್ರಾಣದಿಂದ ಬರುತ್ತವೆ. 256ನೇ ಹಂತ ತಲುಪಿದರೆ 8 ಬಿಟ್‌ನ ಎಣಿಕೆ ತಪ್ಪಿ, ಹಣ್ಣು ಬಿಡಿಸಬೇಕಾದ ಪ್ರೋಗ್ರಾಮು ಆ ಉಗ್ರಾಣಕ್ಕೆಲ್ಲ ಕೈ ಹಾಕುತ್ತದೆ. ಪರದೆಯ ಬಲ ಅರ್ಧ ಅಕ್ಷರ, ಅಂಕಿ, ಚೂರುಪಾರುಗಳಿಂದ ತುಂಬಿ ಆಟ ಅಲ್ಲಿಗೇ ನಿಲ್ಲುತ್ತದೆ.

■ 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಮೋಡವೂ ಪೊದೆಯೂ ಒಂದೇ ಚಿತ್ರ! ಬಿಳಿ ಬಣ್ಣ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಅಕ್ಷರಗಳೂ ಅದೇ 256 ಮನೆಯ ಜಾಗದಲ್ಲಿ ಪಾಲು ಕೇಳುತ್ತಿದ್ದುದರಿಂದ ಚಿತ್ರಗಳಿಗೆ ಇಂಥ ಜಿಪುಣತನ ಅನಿವಾರ್ಯ.

■ 1986ರ ಜಪಾನಿ ಆಟ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಕಟಕಾನಾ ಲಿಪಿಯ ಎಲ್ಲ ಅಕ್ಷರಗಳಿಗೂ ಜಾಗವಿರಲಿಲ್ಲ. ಇರುವ ಕೆಲವೇ ಅಕ್ಷರಗಳಲ್ಲಿ ಬರೆಯಲು ಬರುವಂತೆ ರಾಕ್ಷಸರಿಗೂ ಮಂತ್ರಗಳಿಗೂ ಹೆಸರಿಟ್ಟರು. ಮೊದಲು ಫಾಂಟು, ಆಮೇಲೆ ಕಥೆ.

■ 1980ರ ‘ರೋಗ್’ ಎಂಬ ಆಟದಲ್ಲಿ ಚಿತ್ರವೇ ಇಲ್ಲ. ನಾಯಕ ಒಂದು ‘@’ ಗುರುತು. ರಾಕ್ಷಸರು ಇಂಗ್ಲಿಷಿನ ದೊಡ್ಡಕ್ಷರಗಳು. ಅಕ್ಷರಗಳನ್ನೇ ಪಾತ್ರಧಾರಿಗಳನ್ನಾಗಿಸಿದ ಈ ಆಟದಿಂದ ‘ರೋಗ್‌ಲೈಕ್’ ಎಂಬ ಒಂದು ಆಟದ ಪಂಥವೇ ಬೆಳೆಯಿತು.

■ 2015ರ ‘ಅಂಡರ್‌ಟೇಲ್’ನಲ್ಲಿ ಇಬ್ಬರು ಅಸ್ಥಿಪಂಜರ ಸಹೋದರರು. ಹೆಸರು ಸ್ಯಾನ್ಸ್, ಪಪೈರಸ್. ಒಬ್ಬನ ಮಾತು ಕಾಮಿಕ್ ಸ್ಯಾನ್ಸ್ ಫಾಂಟಿನಲ್ಲಿ, ಇನ್ನೊಬ್ಬನದು ಪಪೈರಸ್ ಫಾಂಟಿನಲ್ಲಿ, ಎರಡೂ ಪಿಕ್ಸೆಲ್ ರೂಪದಲ್ಲಿ ಮೂಡುತ್ತವೆ. ದನಿಯಿಲ್ಲದ ಆಟದಲ್ಲಿ ಫಾಂಟೇ ದನಿ.

ಊರಿನ ಹೆಸರು ಹೊತ್ತ ಫಾಂಟು

■ 1984ರ ಮ್ಯಾಕಿಂಟಾಷ್‌ನ ಫಾಂಟುಗಳು ಚಿಕಾಗೊ, ನ್ಯೂಯಾರ್ಕ್, ಜಿನೀವಾ, ಮೊನಾಕೊ, ಲಂಡನ್, ಕೈರೊ. ಮೊದಲು ಅವಕ್ಕೆ ಇಟ್ಟಿದ್ದು ಫಿಲಡೆಲ್ಫಿಯಾದ ಲೋಕಲ್ ರೈಲು ನಿಲ್ದಾಣಗಳ ಹೆಸರು. ಸ್ಟೀವ್ ಜಾಬ್ಸ್‌ಗೆ ಊರಿನ ಹೆಸರು ಒಪ್ಪಿಗೆಯಾಯಿತು, ಆ ಸಣ್ಣ ಊರುಗಳು ಒಪ್ಪಿಗೆಯಾಗಲಿಲ್ಲ. ಇಡುವುದಾದರೆ ಜಗತ್ತಿನ ದೊಡ್ಡ ನಗರಗಳ ಹೆಸರಿಡಿ ಎಂದರು.

■ ಚಿಕಾಗೊ ಫಾಂಟಿನ ಹೆಚ್ಚುಗಾರಿಕೆ ಅದರ ದಪ್ಪ ಕಂಬಗಳು. ಆಗಿನ ಪರದೆಯಲ್ಲಿ ಇದ್ದದ್ದು ಕಪ್ಪು ಬಿಳುಪು ಎರಡೇ. ಬೂದು ಬಣ್ಣ ಇಲ್ಲ. ಮೆನುವಿನಲ್ಲಿ ಸದ್ಯಕ್ಕೆ ಕೆಲಸ ಮಾಡದ ಆಯ್ಕೆಯನ್ನು ಮಂಕಾಗಿಸಲು ಒಂದು ಬಿಟ್ಟು ಒಂದು ಚುಕ್ಕಿ ಅಳಿಸುತ್ತಿದ್ದರು. ಅರ್ಧ ಚುಕ್ಕಿ ಹೋದರೂ ಚಿಕಾಗೊ ಓದಲು ಬರುತ್ತಿತ್ತು. ಅದೇ ಚಿಕಾಗೊ 2001ರ ಮೊದಲ ಐಪಾಡ್‌ನ ಪುಟ್ಟ ಪರದೆಯಲ್ಲಿ ಮತ್ತೆ ಪ್ರತ್ಯಕ್ಷವಾಯಿತು.

■ ಕೈರೊ ಫಾಂಟಿನಲ್ಲಿ ಅಕ್ಷರವೇ ಇರಲಿಲ್ಲ, ಬರೀ ಚಿತ್ರ. ಅದರೊಳಗಿನ ಒಂದು ಪ್ರಾಣಿ ನಾಯಿಯೋ ಹಸುವೋ ತಿಳಿಯದಂತಿತ್ತು. ಆ್ಯಪಲ್‌ನವರು ಅದಕ್ಕೆ ‘ಡಾಗ್‌ಕೌ’ ಎಂದೇ ಹೆಸರಿಟ್ಟರು. ಅದರ ಕೂಗು ‘ಮೂಫ್’.

■ ಆ ಮ್ಯಾಕಿನ ಪರದೆ ಇಂಚಿಗೆ 72 ಚುಕ್ಕಿ. ಅಚ್ಚಿನವರ ‘ಪಾಯಿಂಟ್’ ಅಳತೆಯೂ ಇಂಚಿಗೆ 72. ಆದ್ದರಿಂದ 12 ಪಾಯಿಂಟ್ ಅಕ್ಷರ ಪರದೆಯಲ್ಲೂ ಕಾಗದದಲ್ಲೂ ಒಂದೇ ಗಾತ್ರ. ಆದರೆ 9, 10, 12, 14 ಹೀಗೆ ಪ್ರತಿ ಗಾತ್ರಕ್ಕೂ ಬೇರೆ ಬೇರೆ ಚೌಕಳಿ ಬಿಡಿಸಬೇಕಿತ್ತು. ಹಿಗ್ಗಿಸಿದರೂ ಕುಗ್ಗಿಸಿದರೂ ಅಂಚು ಕೆಡದ ಟ್ರೂಟೈಪ್ ಬಂದದ್ದು 1991ರಲ್ಲಿ.

■ ಚುಕ್ಕಿಯ ಒರಟುತನವನ್ನು ಮುಚ್ಚಿಡದೆ ಮೆರೆಸಿದ ಮೊದಲಿಗರಲ್ಲಿ ಜುಜಾನಾ ಲಿಚ್ಕೊ ಒಬ್ಬರು. 1985ರಲ್ಲಿ ಓಕ್‌ಲ್ಯಾಂಡ್, ಎಂಪರರ್ ಮೊದಲಾದ ಫಾಂಟುಗಳನ್ನು ಮಾಡಿ ‘ಎಮಿಗ್ರೆ’ ಪತ್ರಿಕೆಯ ಪುಟಗಳಿಗೆ ತಂದರು. ಇದೇನು ಅಕ್ಷರವೇ ಎಂದು ಮೂಗು ಮುರಿದವರು ಇದ್ದರು. 2011ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹಕ್ಕೆ 23 ಡಿಜಿಟಲ್ ಫಾಂಟುಗಳನ್ನು ಸೇರಿಸಿಕೊಂಡಾಗ ಅದರಲ್ಲಿ ಓಕ್‌ಲ್ಯಾಂಡ್ ಕೂಡ ಇತ್ತು.

■ ಅದೇ ಮ್ಯೂಸಿಯಂ 2016ರಲ್ಲಿ 176 ಇಮೋಜಿಗಳನ್ನೂ ತರಿಸಿಕೊಂಡಿತು. ಜಪಾನಿನ ಎನ್‌ಟಿಟಿ ಡೊಕೊಮೊ ಫೋನುಗಳಿಗೆಂದು ಶಿಗೆತಾಕಾ ಕುರಿತಾ 1999ರಲ್ಲಿ ಮಾಡಿದ್ದವು. ಒಂದೊಂದಕ್ಕೂ ಸಿಕ್ಕ ಜಾಗ 12×12 ಚುಕ್ಕಿ.

■ ವಿಂಡೋಸ್ ಬಳಸಿದವರೆಲ್ಲ ಕಂಡಿರುವ ವರ್ಡಾನಾ, 1996ರದು, ಹುಟ್ಟಿದ್ದು ತಲೆಕೆಳಗಾಗಿ. ಮ್ಯಾಥ್ಯೂ ಕಾರ್ಟರ್ ಮೊದಲು ಚುಕ್ಕಿಯ ಅಕ್ಷರ ಬಿಡಿಸಿ, ಅದು ಪರದೆಯಲ್ಲಿ ಚೆನ್ನಾಗಿ ಓದಲು ಬಂದ ಮೇಲೆ ಅದರ ಸುತ್ತ ನಯವಾದ ಹೊರಗೆರೆ ಎಳೆದರು.

ಪರದೆಯ ಹಿಂದಿನ ಜಾಣತನ

■ ಐಬಿಎಂ ಪಿಸಿಯ ಕೆಲವು ಪಠ್ಯಪರದೆಗಳಲ್ಲಿ ಅಕ್ಷರ 8 ಚುಕ್ಕಿ ಅಗಲ, ಅದರ ಮನೆ ಮಾತ್ರ 9 ಚುಕ್ಕಿ. ಒಂಬತ್ತನೆಯದು ಖಾಲಿ ಅಂತರ. ಹಾಗಾದರೆ ಚೌಕಟ್ಟು ಎಳೆಯುವ ಗೆರೆಗಳು ನಡುವೆ ತುಂಡಾಗಬೇಕಲ್ಲ? ಆಗುವುದಿಲ್ಲ. 192ರಿಂದ 223ರವರೆಗಿನ ಸಂಕೇತಗಳಿಗೆ ಮಾತ್ರ ಎಂಟನೇ ಚುಕ್ಕಿಯನ್ನೇ ಒಂಬತ್ತನೆಯದಾಗಿ ನಕಲು ಮಾಡುವ ಏರ್ಪಾಟು ಯಂತ್ರದಲ್ಲೇ ಇತ್ತು. ನಾವು ಡಾಸ್ ಕಾಲದಲ್ಲಿ ಕಂಡ ಜೋಡಿ ಗೆರೆಯ ಎಷ್ಟೋ ಪೆಟ್ಟಿಗೆಗಳು ಈ ಉಪಾಯದ ಫಲ.

■ ಬ್ರಿಟನ್ನಿನ ಬಿಬಿಸಿ 1974ರಲ್ಲಿ ಟಿ.ವಿ. ಪರದೆಯಲ್ಲೇ ಸುದ್ದಿ ಓದಿಸುವ ಸೀಫ್ಯಾಕ್ಸ್ ಸೇವೆ ಶುರು ಮಾಡಿತು. ಈ ಬಗೆಯ ಟೆಲಿಟೆಕ್ಸ್ಟ್‌ಗೆ ಬಂದ ಎಸ್‌ಎಎ5050 ಎಂಬ ಚಿಪ್ ಅಕ್ಷರವನ್ನು 5×9ರಲ್ಲಿ ಇಟ್ಟುಕೊಂಡು, ತೋರಿಸುವಾಗ ಓರೆ ಗೆರೆಗಳ ಮೂಲೆಗೆ ಅರ್ಧ ಚುಕ್ಕಿ ಸೇರಿಸಿ 10×18ರಷ್ಟು ನಯ ಮಾಡುತ್ತಿತ್ತು. ಮೆಮೊರಿ ಅಷ್ಟೇ, ಅಂದ ಇಮ್ಮಡಿ.

■ ಸಿನಿಮಾಗಳಲ್ಲಿ ‘ಹ್ಯಾಕರ್’ ಪರದೆಗೆ ಒಪ್ಪುವಂಥ ಹಸಿರು ಅಕ್ಷರ ಬೇಕೆ? ‘ವಿಟಿ323’ ಫಾಂಟು ನೋಡಿ. ಡೆಕ್ ಕಂಪನಿಯ ವಿಟಿ320 ಟರ್ಮಿನಲ್ಲಿನ ಅಕ್ಷರಗಳಿಂದ ಮಾಡಿದ್ದು.

■ ಹಳೆಯ ಮನೆಬಳಕೆಯ ಕಂಪ್ಯೂಟರುಗಳ, ಟೆಲಿಟೆಕ್ಸ್ಟಿನ ಚಿತ್ರಚೂರುಗಳಿಗೂ ಈಗ ಯೂನಿಕೋಡ್‌ನಲ್ಲಿ ಮಾನ್ಯತೆ ಇದೆ. 2020ರ 13ನೇ ಆವೃತ್ತಿಯಲ್ಲಿ ಅವಕ್ಕೆಂದೇ ಒಂದು ವಿಭಾಗ ಸೇರಿತು.

■ ಅಮೆರಿಕದ ಕಾಪಿರೈಟ್ ಕಚೇರಿ 1988ರಲ್ಲಿ, ಚುಕ್ಕಿಗಳಲ್ಲಿಟ್ಟ ಅಕ್ಷರರೂಪಕ್ಕೆ ಕೃತಿಸ್ವಾಮ್ಯದ ನೋಂದಣಿ ಇಲ್ಲ ಎಂದಿತು. 1992ರಲ್ಲಿ ಹೊರಗೆರೆಯ ಫಾಂಟುಗಳನ್ನು ಉಂಟುಮಾಡುವ ಪ್ರೋಗ್ರಾಮಿಗೆ ಮಾತ್ರ ಬಾಗಿಲು ತೆರೆಯಿತು. ಹಾಗೆಂದು ಕಂಡದ್ದನ್ನೆಲ್ಲ ಎತ್ತಿಕೊಳ್ಳಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಡೌನ್‌ಲೋಡ್ ಮಾಡುವ ಫೈಲಿನ ಪರವಾನಗಿಯೂ ಬೇರೆ.

ಕನ್ನಡಕ್ಕೆ ಎಷ್ಟು ಮನೆ?

■ ಚೀನಾದ 1980ರ ಸಂಕೇತಪಟ್ಟಿ ಜಿಬಿ 2312ರಲ್ಲಿ 6,763 ಚೀನೀ ಅಕ್ಷರಗಳಿವೆ. ಒಂದಕ್ಕೆ ಸಾಮಾನ್ಯವಾಗಿ 16×16 ಚುಕ್ಕಿ, ಅಂದರೆ 32 ಬೈಟ್. ಒಟ್ಟು 2,16,416 ಬೈಟ್. ಇಂಗ್ಲಿಷಿಗೆ 768 ಬೈಟ್ ಸಾಕಾಗುತ್ತಿದ್ದ ಕಾಲದಲ್ಲಿ ಇದು ಪರ್ವತ.

■ ಕನ್ನಡದ ಲೆಕ್ಕ ಇವೆರಡರ ನಡುವೆ. 34 ವ್ಯಂಜನಕ್ಕೆ 15ರಂತೆ ಕಾಗುಣಿತ ಹಾಕಿದರೆ 510. ಒಂದೊಂದಕ್ಕೆ 32 ಬೈಟ್ ಕೊಟ್ಟರೂ 16,320 ಬೈಟ್, ತೀರ ಹೆಚ್ಚೇನಲ್ಲ. ಆದರೆ ಪ್ರತಿಯೊಂದಕ್ಕೂ 34 ಒತ್ತು ಕೊಡುತ್ತಾ ಹೋದರೆ ಲೆಕ್ಕದಲ್ಲಿ 17,340! ಅದಕ್ಕೇ ಯಾರೂ ಇಡೀ ಅಕ್ಷರಗಳನ್ನು ಇಡುವುದಿಲ್ಲ. ಮೈ ಬೇರೆ, ಗುಡಿಸು ಬೇರೆ, ಒತ್ತು ಬೇರೆ ಇಟ್ಟು ಬೇಕಾದಾಗ ಜೋಡಿಸುತ್ತಾರೆ. ಮೊಳೆ ಜೋಡಿಸುವವರು ಮಾಡುತ್ತಿದ್ದುದೂ ಇದನ್ನೇ.

■ ಅಂಗಡಿ ಮುಂದೆ ಓಡುವ ಎಲ್‌ಇಡಿ ಬೋರ್ಡಿನ ಬಿಡಿಭಾಗಕ್ಕೆ ‘ಪಿ10’ ಎಂದು ಹೆಸರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ. ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್. ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕಿ. ಈ 16 ಸಾಲಿನಲ್ಲಿ ಇಂಗ್ಲಿಷ್ ಎರಡು ಸಾಲು ಆರಾಮವಾಗಿ ಕೂರುತ್ತದೆ. ‘ಲಕ್ಷ್ಮಿ’ ಎಂದು ಬರೆಯಿರಿ ನೋಡೋಣ. ಮೇಲೆ ಗುಡಿಸು, ನಡುವೆ ಮೈ, ಕೆಳಗೆ ಎರಡು ಒತ್ತು. ಒಂದೇ ಸಾಲಿಗೆ ಹದಿನಾರೂ ಖರ್ಚು.

■ ಬಸ್ಸಿನ, ರೈಲು ನಿಲ್ದಾಣದ ಕೆಲವು ಫಲಕಗಳಲ್ಲಿ ಒತ್ತು ಚಪ್ಪಟೆಯಾಗಿ ಅಥವಾ ಪಕ್ಕಕ್ಕೆ ಸರಿದು ಕೂತಿರುವುದು ಈ ಇಕ್ಕಟ್ಟಿನಿಂದಲೇ. ದುಂಡಗಿನ ಲಿಪಿಯಾದ ಕನ್ನಡಕ್ಕೆ ಚೌಕಳಿ ಕೊಡುವ ಕಾಟ ಒಂದು. ಮೇಲೆ ಕೆಳಗೆ ಚಾಚುವ ಲಿಪಿಯಾದ್ದರಿಂದ ಆಗುವ ಕಾಟ ಇನ್ನೂ ದೊಡ್ಡದು.

■ ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರಿಗೆ ಗೊತ್ತಿರುವ ‘16×2 ಎಲ್‌ಸಿಡಿ’ಯ ಒಳಗಿನ ಹಿಟಾಚಿ ಮಾದರಿಯ ಚಿಪ್ಪಿನಲ್ಲಿ ಕನ್ನಡ ಇಲ್ಲ. ಆದರೆ ನಾವೇ ಬಿಡಿಸಿದ 8 ಅಕ್ಷರಗಳಿಗೆ 64 ಬೈಟ್ ಜಾಗವಿದೆ. ಒಂದೊಂದೂ 5×8 ಚುಕ್ಕಿ. ‘ಕರ್ನಾಟಕ’ ಎಂದು ಬರೆಯಲು ಬೇಕಾದ್ದು ನಾಲ್ಕೇ: ಕ, ನಾ, ಅರ್ಕಾವೊತ್ತು, ಟ. ಇನ್ನೂ ನಾಲ್ಕು ಮಿಗುತ್ತವೆ. ಐದು ಚುಕ್ಕಿ ಅಗಲದಲ್ಲಿ ‘ನಾ’ ಕೂರಿಸುವುದು ನಿಮ್ಮ ಕೈಚಳಕ.

■ ಡಾಸ್ ಕಾಲದಲ್ಲಿ ಇಂಗ್ಲಿಷ್ ಮಾತ್ರ ಬಲ್ಲ ಸಾಫ್ಟ್‌ವೇರಿಗೆ ಭಾರತೀಯ ಭಾಷೆ ಕಲಿಸಿದ್ದು ‘ಜಿಸ್ಟ್ ಕಾರ್ಡ್’. ಐಐಟಿ ಕಾನ್ಪುರದಲ್ಲಿ ಮೊಳೆತು, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರಜ್ಞಾನ ಅದು. ಕಂಪ್ಯೂಟರ್ ಬಿಚ್ಚಿ ಈ ಕಾರ್ಡನ್ನು ಸಿಕ್ಕಿಸಿದರೆ ಪರದೆಯಲ್ಲಿ ಕನ್ನಡವೂ ಸೇರಿ ನಮ್ಮ ಲಿಪಿಗಳು ಮೂಡುತ್ತಿದ್ದವು.

■ ಎರಡಿಂಚಿನ ಬಿಲ್ಲು ಮುದ್ರಿಸುವ ಥರ್ಮಲ್ ಪ್ರಿಂಟರಿನ ತಲೆಯಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8ರಂತೆ 384 ಚುಕ್ಕಿಗಳಿರುತ್ತವೆ. ಇಂಗ್ಲಿಷ್ ಅಕ್ಷರ ಯಂತ್ರದ ಒಳಗೇ ಇರುತ್ತದೆ. ಕನ್ನಡ ಇಲ್ಲದಿದ್ದಾಗ ಸಾಫ್ಟ್‌ವೇರು ಇಡೀ ಸಾಲನ್ನು ಚಿತ್ರ ಮಾಡಿ ಕಳಿಸುತ್ತದೆ. ಪ್ರಿಂಟರಿನ ಪಾಲಿಗೆ ‘ಅಕ್ಕಿ’ ಎಂಬುದು ಓದುವ ಪದವಲ್ಲ, ಒಂದು ಪಟ.

■ ಪುಕ್ಕಟೆ ಸಿಗುವ ‘ಗ್ನೂ ಯೂನಿಫಾಂಟ್’ನಲ್ಲಿ ಕನ್ನಡದ ಅಕ್ಷರಗಳೂ 16 ಚುಕ್ಕಿ ಎತ್ತರದ ರೂಪದಲ್ಲಿವೆ. 1998ರಲ್ಲಿ ರೋಮನ್ ಚಿಬೊರಾ ಶುರು ಮಾಡಿದ ಈ ಫಾಂಟಿನ ಗುರಿ ಸೌಂದರ್ಯವಲ್ಲ, ಯಾವ ಲಿಪಿಯ ಅಕ್ಷರ ಬಂದರೂ ಖಾಲಿ ಡಬ್ಬಿ ತೋರಿಸದಿರುವುದು.

■ ಅಂತರ್ಜಾಲದಲ್ಲಿ ‘ಛೆ, ಇದೇನಿದು’ ಎಂಬ ಮುಖಕ್ಕೆ ಜಗತ್ತೆಲ್ಲ ಬಳಸುವ ಗುರುತು ಠ_ಠ. ತಲೆಕಟ್ಟು ಹುಬ್ಬಾಯಿತು, ಒಳಗಿನ ಚುಕ್ಕಿ ಕಣ್ಣುಗುಡ್ಡೆಯಾಯಿತು.

ಬಳಸುವ ಮುನ್ನ

■ ಪಿಕ್ಸೆಲ್ ಫಾಂಟಿನ ಗಾತ್ರ ಯಾವಾಗಲೂ ಅದರ ಮೂಲ ಅಳತೆಯ ಗುಣಕದಲ್ಲಿರಲಿ. ಮೂಲ 8 ಇದ್ದರೆ 16, 24, 32. ಇಪ್ಪತ್ತು ಎಂದು ಕೊಟ್ಟರೆ ಒಂದು ಚುಕ್ಕಿಗೆ ಎರಡೂವರೆ ಚುಕ್ಕಿ. ಆ ಅರೆಯಲ್ಲೇ ಅಂಚು ಕಲಸಿಹೋಗುತ್ತದೆ.

■ ನಾವು ಡೌನ್‌ಲೋಡ್ ಮಾಡುವ ‘ಬಿಟ್‌ಮ್ಯಾಪ್ ಫಾಂಟು’ ಬಹುತೇಕ ಬಿಟ್‌ಮ್ಯಾಪೇ ಅಲ್ಲ. ಚೌಕಗಳ ಹೊರಗೆರೆ ಎಳೆದ ಮಾಮೂಲಿ ಟ್ರೂಟೈಪ್. ಹಾಗಾಗಿಯೇ ಅದನ್ನು ಫ್ಲೆಕ್ಸ್ ಬ್ಯಾನರಿನಷ್ಟು ಹಿಗ್ಗಿಸಿದರೂ ಮೂಲೆ ಚೂಪಾಗಿಯೇ ಇರುತ್ತದೆ. ಮಾಡಿದವರು ಪಕ್ಕಪಕ್ಕದ ಚೌಕಗಳನ್ನು ಬೆಸೆದಿಲ್ಲದಿದ್ದರೆ ಮಾತ್ರ ನಡುವೆ ಕೂದಲೆಳೆಯ ಬಿರುಕು ಕಾಣುತ್ತದೆ. ಅಚ್ಚಿಗೆ ಕೊಡುವ ಮೊದಲು ದೊಡ್ಡದು ಮಾಡಿ ನೋಡಿ.

■ ಚಿತ್ರವಾಗಿ ಉಳಿಸಿ ಹಿಗ್ಗಿಸುವುದಾದರೆ ‘ನಿಯರೆಸ್ಟ್ ನೇಬರ್’ ಎಂಬ ಆಯ್ಕೆ ಒತ್ತಿ. ಉಳಿದವು ಅಂಚನ್ನು ನಯ ಮಾಡಲು ಹೋಗಿ ಮಸುಕು ಮಾಡುತ್ತವೆ.

■ ಶೀರ್ಷಿಕೆ, ಬೆಲೆ, ಸ್ಕೋರು, ಬಟನ್ನು, ಎರಡು ಮೂರು ಪದದ ಘೋಷಣೆ – ಇಲ್ಲಿ ಪಿಕ್ಸೆಲ್ ಫಾಂಟು ಗೆಲ್ಲುತ್ತದೆ. ಲಗ್ನಪತ್ರಿಕೆಯ ಹೆಸರುಗಳ ಪಟ್ಟಿಗೆ ಹಾಕಿದರೆ ನೆಂಟರು ಓದುವ ಗೋಜಿಗೇ ಹೋಗುವುದಿಲ್ಲ.

■ ಹಳೆಯ ಶೈಲಿ ಹೊಸ ವಸ್ತುವಿಗೂ ಗುರುತಾಗಬಲ್ಲದು. 2020ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ನಥಿಂಗ್’ ಕಂಪನಿಯ ಫೋನುಗಳಲ್ಲಿ ಚುಕ್ಕಿಯ ಅಕ್ಷರವೇ ಮೊಹರು. ‘ಹ್ಯಾಂಡ್‌ಜೆಟ್’ ಎಂಬ ಫಾಂಟಿನಲ್ಲಂತೂ ಚುಕ್ಕಿಯ ಆಕಾರವನ್ನೇ ಬದಲಿಸಬಹುದು; ಚೌಕ ಬೇಡವೆಂದರೆ ವೃತ್ತ, ಅದೂ ಬೇಡವೆಂದರೆ ನಕ್ಷತ್ರ.

■ ಫಾಂಟು ಮಾಡಲು ದುಬಾರಿ ಸಾಫ್ಟ್‌ವೇರು ಬೇಕಿಲ್ಲ. ಸೂಸನ್ ಕೇರ್ ಶುರು ಮಾಡಿದ್ದೂ ಗ್ರಾಫ್ ಹಾಳೆಯಲ್ಲೇ. ಮಕ್ಕಳ ಗಣಿತದ ಚೌಕಳಿ ಪುಸ್ತಕ ತೆಗೆದು, 8×8 ಮನೆ ಗುರುತು ಹಾಕಿ, ಒಂದು ‘ಕ’ ಬರೆದು ನೋಡಿ. ತಲೆಕಟ್ಟಿಗೆ ಒಂದು ಸಾಲು, ಅದರ ಕೆಳಗಿನ ಕುತ್ತಿಗೆಗೆ ಒಂದು, ನಡುವಿನ ಅಡ್ಡಗೆರೆಗೆ ಒಂದು, ಕೆಳಗಿನ ದುಂಡಿಗೆ ಮೂರು, ಅಂತರಕ್ಕೆ ಒಂದು. ಏಳು ಮುಗಿದು ಒಂದೇ ಉಳಿಯಿತು. ಈಗ ಅದನ್ನು ‘ಕ್ಕಿ’ ಮಾಡಿ: ಮೇಲೆ ಗುಡಿಸಿಗೂ ಜಾಗ ಬೇಕು, ಕೆಳಗೆ ಒತ್ತಿಗೂ ಬೇಕು. ಉಳಿದ ಆ ಒಂದು ಸಾಲನ್ನು ಯಾರಿಗೆ ಕೊಡುತ್ತೀರಿ, ಸಾಲದ್ದನ್ನು ಎಲ್ಲಿಂದ ಕದಿಯುತ್ತೀರಿ ಎಂದು ನಿರ್ಧರಿಸುವ ಹೊತ್ತಿಗೆ ಫಾಂಟು ಕಟ್ಟುವ ಕಸುಬಿನ ಮೊದಲ ಪಾಠ ಮುಗಿದಿರುತ್ತದೆ.